ಹುಟ್ಟು ಹಿಡಿದ ಕೈಗಳು

ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಮರಳಿದ ತಾಯಿಗೆ ಮೊದಲು ಕೇಳಿಬರುವ ಮಾತು: “ಆ ಕೈಲಿ ಕೊಡ ಎತ್ತಬ್ಯಾಡವ್ವ, ಸುಮ್ಮನೆ ಕುಂತಿರು.” ನಾವೂ ಹಾಗೆ ಹೇಳಿದ್ದುಂಟು. ವಾತ್ಸಲ್ಯದ ಮಾತೇ ಸರಿ. ಅದಕ್ಕೆ ಕಾರಣವೂ ಇತ್ತು. ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದಾಗ ದ್ರವ ಹರಿಯುವ ದಾರಿ ಕಡಿದು ಕೈ ಬಾತುಕೊಳ್ಳುವುದುಂಟು. ಶ್ರಮದಿಂದ ಈ ಬಾವು ಬರುವುದೆಂದು ವೈದ್ಯರೂ ಬಹುಕಾಲ ನಂಬಿದ್ದರು.

ಈ ನಂಬಿಕೆಯನ್ನು ಒರೆಗೆ ಹಚ್ಚಿದವರು ಕೆನಡಾ ದೇಶದ ವ್ಯಾಂಕೂವರ್ ನಗರದ ವೈದ್ಯ ಡಾನ್ ಮೆಕೆಂಜಿಯವರು. 1996ರಲ್ಲಿ ಅವರು ಈ ರೋಗದ ಚಿಕಿತ್ಸೆ ಮುಗಿಸಿದ್ದ 24 ಮಹಿಳೆಯರನ್ನು ಕೂಡಿಸಿ, ಮೊದಲು ವ್ಯಾಯಾಮದಿಂದ ಅಣಿಗೊಳಿಸಿ, ಬಳಿಕ ‘ಡ್ರ್ಯಾಗನ್’ ಎಂಬ ಉದ್ದನೆಯ ದೋಣಿಯಲ್ಲಿ ಹುಟ್ಟು ಹಾಕಿಸಿದರು. ಯಾವ ಕೈಯನ್ನು ದಣಿಸಬಾರದೆಂದಿದ್ದರೋ ಆ ಕೈಯಿಂದಲೇ! ಒಬ್ಬರಿಗೂ ಹೊಸದಾಗಿ ಬಾವು ಬರಲಿಲ್ಲ.

2009ರಲ್ಲಿ ಅಮೆರಿಕದ ಕ್ಯಾಥ್ರಿನ್ ಶ್ಮಿಟ್ಸ್ ಮತ್ತು ಸಂಗಡಿಗರು, ಮೊದಲೇ ಕೈ ಬಾತಿದ್ದ 141 ಮಹಿಳೆಯರ ಅಧ್ಯಯನವನ್ನು ಪ್ರಕಟಿಸಿದರು. ವಾರಕ್ಕೆರಡು ಬಾರಿ, ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಭಾರವೆತ್ತಿದವರಲ್ಲಿ ಬಾವು ಹೆಚ್ಚಲಿಲ್ಲ. ಅದು ಉಲ್ಬಣಿಸುವುದೇ ಕಡಿಮೆಯಾಯಿತು. ಆದುದರಿಂದ ನಮ್ಮ ಹಳೆಯ ಮಾತನ್ನು ನಾವು ಹಿಂತೆಗೆದುಕೊಳ್ಳುತ್ತೇವೆ.

ಹಾಗೆಂದು ನಾಳೆಯೇ ತುಂಬಿದ ಕೊಡ ಹೊರಬೇಕೆಂದಲ್ಲ. ವೈದ್ಯರ ಅನುಮತಿ ಪಡೆದು, ಗೋಡೆಯ ಮೇಲೆ ಬೆರಳುಗಳನ್ನು ಏರಿಸುತ್ತ ಆರಂಭಿಸಬಹುದು. ಬೆಳಗಿನ ತಂಪಿನಲ್ಲಿ ಸೊಸೆಯೋ ಮೊಮ್ಮಗಳೋ ಜೊತೆಗೂಡಿ ನಡೆದರೆ ಇನ್ನೂ ಲೇಸು. ಸಲೀಸಾಗಿ ಏರುತ್ತಿದ್ದ ಬಳೆ ಬಿಗಿಯಾಯಿತೆಂದರೆ, ಕೈ ಭಾರವೆನಿಸಿತೆಂದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು.