ಮಾದರಿ ಮನೆಗೆ ಬಾಗಿಲೇ ಇಲ್ಲ!

ಇವತ್ತು ರಾಜಕೀಯ ಬೇಡ. ಇವತ್ತು ಮನೆ ನೋಡೋಣ.

ಕಳೆದ ಭಾನುವಾರ ನನ್ನ ಚಿಕ್ಕಪ್ಪನ ಮಗ, ಅವನ ಹೆಂಡತಿ ಇಬ್ಬರೂ ಫ್ಲ್ಯಾಟ್ ನೋಡೋಕೆ ಹೊರಟಿದ್ದರು. "ನೀನೂ ಬಾ, ಟಿವಿಯವರು ಅಂದ್ರೆ ಸ್ವಲ್ಪ ರೇಟ್ ಇಳಿಸ್ತಾರೇನೋ" ಅಂದ. ಹೋದೆ. ರೇಟೇನೂ ಇಳಿಯಲಿಲ್ಲ, ಬಿಡಿ. ಬೆಂಗಳೂರಿನ ಕನಕಪುರ ರಸ್ತೆಯ ಆಚೆ, ಇನ್ನೂ ಮಣ್ಣು ಅಗೆಯುತ್ತಿದ್ದ ಒಂದು ಜಾಗ. ಕಟ್ಟಡ ಇನ್ನೂ ಎರಡನೇ ಮಹಡಿಗೆ ಬಂದಿಲ್ಲ. ಆದರೆ ಗೇಟಿನ ಪಕ್ಕದಲ್ಲೇ ಪೂರ್ತಿ ರೆಡಿಯಾದ ಒಂದು ಮನೆ ಇದೆ. ಸ್ಯಾಂಪಲ್ ಫ್ಲ್ಯಾಟ್ ಅಂತಾರಲ್ಲ, ಅದು. ಶೂ ಬಿಚ್ಚಿಸಿ, ಕಾಲಿಗೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಸಿ, ದೇವಸ್ಥಾನದ ಗರ್ಭಗುಡಿಗೆ ಬಿಟ್ಟ ಹಾಗೆ ಒಳಗೆ ಬಿಟ್ಟರು.

ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ? ತುಂಬಾ ಚೆನ್ನಾಗಿತ್ತು. ಮುಂಬಾಗಿಲು ತೆರೆದ ತಕ್ಷಣ ಹಾಲ್ ಕಾಣುವುದಿಲ್ಲ, ಒಂದು ಸಣ್ಣ ಪಡಸಾಲೆ ಥರ ಜಾಗ ಬಿಟ್ಟಿದ್ದಾರೆ. ಕೊರಿಯರ್ ಹುಡುಗ ಬಂದರೆ ಮನೆಯವರೆಲ್ಲ ಅವನ ಕಣ್ಣಿಗೆ ಬೀಳಬೇಕಾಗಿಲ್ಲ. ಊಟದ ಟೇಬಲ್ಲಿಗೆ ಎದುರಾಗಿ ಬಚ್ಚಲಿನ ಬಾಗಿಲಿಲ್ಲ. ಇದು ಕೇಳೋಕೆ ಸಣ್ಣ ವಿಷಯ, ಆದರೆ ಕೋಟಿ ರೂಪಾಯಿಯ ಎಷ್ಟು ಫ್ಲ್ಯಾಟ್‌ಗಳಲ್ಲಿ ಸಾಂಬಾರ್ ಬಡಿಸಿಕೊಂಡು ಕಮೋಡ್ ನೋಡ್ತಾ ಕೂರಬೇಕು ಗೊತ್ತಾ? ಈ ನಕ್ಷೆ ಬರೆದವರಿಗೆ ಒಂದು ಕುಟುಂಬ ಹೇಗೆ ಬದುಕುತ್ತದೆ ಅಂತ ಗೊತ್ತಿದೆ. ಅವರಿಗೆ ನನ್ನ ಸಲಾಂ.

ಆಮೇಲೆ ನನಗೆ ಏನೋ ಕಸಿವಿಸಿ ಶುರುವಾಯಿತು. ಈ ಜಾಗ ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ಎಲ್ಲಿ? ನನ್ನ ಸ್ಟುಡಿಯೋದಲ್ಲಿ!

ನೋಡಿ, ನಾನು ಸೆಟ್ಟಿನೊಳಗೆ ಕೂತು ಅನ್ನ ತಿನ್ನುವವನು. ನೀವು ನೋಡುವಾಗ ನನ್ನ ಹಿಂದೆ ಬೆಂಗಳೂರಿನ ಇಡೀ ನೋಟ ಕಾಣುತ್ತಲ್ಲ, ಅದು ಪರದೆ. ನನ್ನ ಟೇಬಲ್ ಪ್ಲೈವುಡ್ಡಿನದು, ಹಿಂಭಾಗದಲ್ಲಿ ಬಣ್ಣ ಕೂಡ ಹೊಡೆದಿಲ್ಲ. ಸಣ್ಣ ಕೋಣೆಯನ್ನು ದೊಡ್ಡದಾಗಿ ತೋರಿಸಲು ಏನೇನು ಮಾಡಬೇಕೋ ನಮಗೆ ಚೆನ್ನಾಗಿ ಗೊತ್ತು. ಅದೇ ವಿದ್ಯೆಯನ್ನು ಆ ಮನೆಯಲ್ಲೂ ನೋಡಿದೆ. ವ್ಯತ್ಯಾಸ ಒಂದೇ. ನನ್ನ ಸೆಟ್ಟನ್ನು ನೀವು ಬಿಟ್ಟಿಯಾಗಿ ನೋಡ್ತೀರಿ. ಆ ಸೆಟ್ಟನ್ನು ನೋಡಿ 80 ಲಕ್ಷ ಸಾಲ ಮಾಡ್ತೀರಿ. ಶೇ. 8.5 ಬಡ್ಡಿ, 20 ವರ್ಷ ಅಂತ ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 69,000 ರೂಪಾಯಿ ಕಂತು. ಇವತ್ತು ಎಲ್‌ಕೆಜಿಯಲ್ಲಿರೋ ಮಗಳು ಕೆಲಸಕ್ಕೆ ಸೇರೋ ಹೊತ್ತಿಗೆ ಸಾಲ ತೀರುತ್ತೆ.

ಮೊದಲು ಬಾಗಿಲು. ಆ ಮನೆಯ ಒಳಕೋಣೆಗಳಿಗೆ ಬಾಗಿಲೇ ಇರಲಿಲ್ಲ! ಚೌಕಟ್ಟು ಮಾತ್ರ. ಬಾಗಿಲಿದ್ದರೆ ಅದು ತೆರೆದುಕೊಳ್ಳೋಕೆ ಎರಡೂವರೆ, ಮೂರು ಅಡಿ ಜಾಗ ಬೇಕು. ಬಾಗಿಲು ತೆಗೆದರೆ ಆ ಜಾಗವೂ ಕೋಣೆಯ ಲೆಕ್ಕಕ್ಕೆ ಸೇರಿದ ಹಾಗೆ ಕಾಣುತ್ತದೆ. ಎರಡನೆಯದು ಮಂಚ. ಮಾರ್ಕೆಟ್ಟಿನಲ್ಲಿ ಸಿಗುವ ಕಿಂಗ್ ಸೈಜ್ ಮಂಚ ಸುಮಾರು 6 ಅಡಿ ಅಗಲ, ಆರೂವರೆ ಅಡಿ ಉದ್ದ. ಅಲ್ಲಿದ್ದ ಮಂಚವನ್ನು ನನ್ನ ಗೇಣಿನಲ್ಲೇ ಅಳೆದೆ. 5 ಅಡಿಗಿಂತ ಅಗಲ ಇರಲಿಲ್ಲ. ಬೀರು ಇರಲೇ ಇಲ್ಲ, ಅದರ ಜಾಗದಲ್ಲಿ ನೆಲದಿಂದ ಸೂರಿನ ತನಕ ಕನ್ನಡಿ.

ಈಗ ನೀವೇ ಲೆಕ್ಕ ಹಾಕಿ. ಕೋಣೆ 10 ಅಡಿಗೆ 11 ಅಡಿ. ಬಟ್ಟೆ ನೇತು ಹಾಕುವ ವಾರ್ಡ್‌ರೋಬಿಗೆ 2 ಅಡಿ ಆಳ ಬೇಕೇ ಬೇಕು. ಹನ್ನೊಂದರಲ್ಲಿ ಎರಡು ಹೋದರೆ ಒಂಬತ್ತು. ಅದರೊಳಗೆ 6 ಅಡಿ ಅಗಲದ ಮಂಚ ಇಡಿ. ಉಳಿದಿದ್ದು ಆ ಕಡೆ ಒಂದೂವರೆ ಅಡಿ, ಈ ಕಡೆ ಒಂದೂವರೆ ಅಡಿ. ವಾರ್ಡ್‌ರೋಬ್ ಬಾಗಿಲು ತೆಗೆಯಬೇಕಾದರೆ ಮಂಚದ ಮೇಲೆ ಹತ್ತಿ ಕೂರಬೇಕು ಸ್ವಾಮಿ!

ಮೂರನೆಯದು ಬೆಳಕು. ಮಧ್ಯಾಹ್ನ 12 ಗಂಟೆಗೆ ಮನೆಯಲ್ಲಿ ಅಷ್ಟೂ ದೀಪ ಉರಿಯುತ್ತಿತ್ತು. "ಒಂದು ನಿಮಿಷ ಲೈಟ್ ಆರಿಸ್ತೀರಾ?" ಅಂತ ಕೇಳಿದೆ. ಆ ಸೇಲ್ಸ್ ಹುಡುಗ ಒಳ್ಳೆಯವನು, ಪಾಪ, ಬೆವರಿಬಿಟ್ಟ. "ಸರ್, ಅದು ಸೆಂಟ್ರಲ್ ಕಂಟ್ರೋಲ್" ಅಂದ. ಎರಡನೇ ಮಲಗುವ ಕೋಣೆಯ ಕಿಟಕಿಗೆ ದಪ್ಪ ಕರ್ಟನ್ ಇತ್ತು. ಸರಿಸಿ ನೋಡಿದರೆ ಹಿಂದೆ ಗೋಡೆ. "ಕಟ್ಟಿದ ಮೇಲೆ ಇಲ್ಲಿ ಏನು ಬರುತ್ತೆ?" ಅಂದರೆ ಡಕ್ಟ್ ಅಂತೆ. ಪೈಪು ಇಳಿಯುವ ಓಣಿ. ಅಂದರೆ ಆ ಮಗಳು ಓದುವ ಕೋಣೆಗೆ ಗಾಳಿ ಬರುವುದು ಎಲ್ಲರ ಬಚ್ಚಲಿನ ಗಾಳಿ ಹೋಗುವ ದಾರಿಯಿಂದ.

ಇನ್ನು ಹೊರಗಿನ ಚಂದ. ಬ್ರೋಷರಿನಲ್ಲಿ ಕಟ್ಟಡ ವಿಮಾನ ನಿಲ್ದಾಣದ ಹಾಗಿದೆ. ಪಶ್ಚಿಮಕ್ಕೆ ಪೂರ್ತಿ ಗಾಜು, ಮೇಲೆ ಒಂದು ಗೇಣು ಸಜ್ಜಾ ಇಲ್ಲ. 1898ರ ಪ್ಲೇಗಿನ ಆಸುಪಾಸಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳನ್ನು ನೋಡಿದ್ದೀರಾ? ಇನ್ನೂ ಕೆಲವು ಉಳಿದಿವೆ, ಬೇಗ ಹೋಗಿ ನೋಡಿ. ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಟೋಪಿ ಇರುತ್ತೆ, ಮಂಕಿ ಟಾಪ್ ಅಂತ ಅದರ ಹೆಸರು. ಅದು ಅಲಂಕಾರ ಅಂತ ನಾವು ಫೋಟೋ ತೆಗೀತೀವಿ. ಅದು ಮೊದಲು ಬಿಸಿಲು, ಎರಚಲು ತಡೆಯುವ ಸಾಧನ, ಆಮೇಲೆ ಅಲಂಕಾರ. ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಸುಡಲು ಶುರು ಮಾಡಿದ ಅದೇ ಹೆಂಚು. ಅದರ ಸಂದಿಯಲ್ಲಿ ಬಿಸಿ ಗಾಳಿ ತಾನಾಗೇ ಹೊರಗೆ ಹೋಗುತ್ತಿತ್ತು. ಹಳೆಯದೆಲ್ಲ ಚಿನ್ನ ಅನ್ನುತ್ತಿಲ್ಲ ನಾನು. ಆ ಮನೆಗಳ ಅಡುಗೆಮನೆಯಲ್ಲಿ ಹೊಗೆ ಕುಡಿದ ಅಜ್ಜಿಯರನ್ನು ಕೇಳಿದರೆ ಗೊತ್ತಾಗುತ್ತೆ. ಆದರೆ ಸೂರ್ಯ ಯಾವ ಕಡೆ ಮುಳುಗುತ್ತಾನೆ ಅಂತ ಆ ಮೇಸ್ತ್ರಿಗೆ ಗೊತ್ತಿತ್ತು.

ಗೋಡೆಯ ಬಗ್ಗೆಯೂ ಒಂದು ಮಾತು. ಈಗ ಅನೇಕ ಎತ್ತರದ ಕಟ್ಟಡಗಳಲ್ಲಿ ಇಟ್ಟಿಗೆ ಇಲ್ಲ. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆ, ಸೂರು ಎಲ್ಲಾ ಒಟ್ಟಿಗೆ ಕಾಂಕ್ರೀಟಿನಲ್ಲಿ ಎರೆಯುತ್ತಾರೆ. ಮೈವಾನ್ ಅಂತ ಕರೀತಾರೆ. ಬೇಗ ಮುಗಿಯುತ್ತದೆ, ಗೋಡೆ ಕನ್ನಡಿಯಷ್ಟು ನುಣುಪು. ಆದರೆ ಆ ಗೋಡೆಯೇ ಕಟ್ಟಡದ ಭಾರ ಹೊರುತ್ತದೆ. "ಮುಂದೆ ಈ ಗೋಡೆ ಒಡೆದು ಹಾಲ್ ದೊಡ್ಡದು ಮಾಡ್ಕೋತೀವಿ" ಅನ್ನುವ ಲೆಕ್ಕಾಚಾರ ಅಲ್ಲಿ ನಡೆಯೋಲ್ಲ. ಸ್ಯಾಂಪಲ್ ಫ್ಲ್ಯಾಟಿನ ಗೋಡೆಯನ್ನು ಬೆರಳಲ್ಲಿ ತಟ್ಟಿದೆ. ಟೊಳ್ಳು ಶಬ್ದ. ಬರೀ ಬೋರ್ಡು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಆ ಹುಡುಗ ಹೇಳಿದ್ದು 1,250 ಚದರ ಅಡಿ. ಚದರ ಅಡಿಗೆ 8,000. ಒಂದು ಕೋಟಿ. ಇದು ಸೂಪರ್ ಬಿಲ್ಟ್ ಅಪ್. ಅಂದರೆ ನಿಮ್ಮ ಮನೆಯ ಜೊತೆ ಲಿಫ್ಟು, ಮೆಟ್ಟಿಲು, ಕಾರಿಡಾರು, ಕ್ಲಬ್ ಹೌಸ್ ಎಲ್ಲದರಲ್ಲೂ ನಿಮ್ಮ ಪಾಲು ಸೇರಿಸಿದ ಲೆಕ್ಕ. "ಕಾರ್ಪೆಟ್ ಎಷ್ಟಪ್ಪಾ?" ಅಂದರೆ 850. ನೀವು ಕಾಲಿಟ್ಟು ಓಡಾಡುವ ನೆಲ ಅಷ್ಟೇ. ಕೋಟಿಯನ್ನು 850ರಿಂದ ಭಾಗಿಸಿ, ಚದರ ಅಡಿಗೆ 11,765 ರೂಪಾಯಿ ಬೀಳುತ್ತದೆ.

2016ರ ರೇರಾ ಕಾಯ್ದೆಯಲ್ಲಿ ಕಾರ್ಪೆಟ್ ಏರಿಯಾ ಅಂದರೇನು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಹೊರಗೋಡೆ, ಡಕ್ಟ್, ಬಾಲ್ಕನಿ, ತೆರೆದ ಟೆರೇಸು ಇವು ಬರೋಲ್ಲ. ಒಳಗಿನ ಅಡ್ಡಗೋಡೆಗಳು ಬರುತ್ತವೆ. ಇನ್ನೊಂದು ಸೆಕ್ಷನ್ ಇದೆ, 12ನೆಯದು. ಇದನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಜಾಹೀರಾತು, ಬ್ರೋಷರ್ ಮಾತ್ರ ಅಲ್ಲ, ಮಾದರಿ ಮನೆಯನ್ನು ನಂಬಿ ನೀವು ದುಡ್ಡು ಕಟ್ಟಿ, ಅದರಲ್ಲಿ ತೋರಿಸಿದ್ದು ಸುಳ್ಳಾಗಿ ನಿಮಗೆ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ನೀವು ಹಿಂದೆ ಸರಿಯುವುದಾದರೆ ಕಟ್ಟಿದ ಹಣವನ್ನು ಬಡ್ಡಿ ಸಮೇತ ವಾಪಸ್ ಕೊಡಬೇಕು. ಮಾದರಿ ಮನೆ ಅನ್ನುವ ಮಾತನ್ನು ಕಾನೂನಿನಲ್ಲೇ ಹೆಸರಿಟ್ಟು ಸೇರಿಸಿದ್ದಾರೆ! ಹಾಗಾದರೆ ಒಳಗೆ ಫೋಟೋ ತೆಗೆಯೋಕೆ ಯಾಕೆ ಬಿಡೋಲ್ಲ? ನೀವೇ ಯೋಚನೆ ಮಾಡಿ. ಇನ್ನು, ಮಾರಾಟದ ಕರಾರು ನೋಂದಣಿ ಆಗುವ ಮೊದಲು ಶೇ. 10ಕ್ಕಿಂತ ಹೆಚ್ಚು ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಮಂಜೂರಾದ ನಕ್ಷೆ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಸಿಗುತ್ತದೆ, ಜಾಹೀರಾತಿನ ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ಅಚ್ಚಾಗಿರುತ್ತಲ್ಲ ನಂಬರು, ಅದನ್ನು ಹಾಕಿ ಹುಡುಕಿ.

ಎಲ್ಲಾ ನೋಡಿ ಹೊರಡುವಾಗ ನನ್ನ ತಮ್ಮನ ಹೆಂಡತಿ ಅಡುಗೆಮನೆ ಪಕ್ಕದ ಯುಟಿಲಿಟಿಯಲ್ಲಿ ನಿಂತುಬಿಟ್ಟಳು. ಅಲ್ಲಿ ಒಂದು ಸುಂದರವಾದ ಬಿದಿರಿನ ಗಿಡ ಇಟ್ಟಿದ್ದರು. ಆಕೆ ಗಿಡ ನೋಡಿದಳು, ಕಿಟಕಿ ನೋಡಿದಳು, ಆಮೇಲೆ ಆ ಹುಡುಗನನ್ನು ಕೇಳಿದಳು: "ವಾಷಿಂಗ್ ಮೆಷಿನ್ ಇಲ್ಲಿಟ್ಟರೆ ಬಟ್ಟೆ ಎಲ್ಲಿ ಒಣಗಿಸೋದು?" ಬಾಲ್ಕನಿಯಲ್ಲಿ ಬಟ್ಟೆ ಹಾಕಬಾರದು, ಅದು ಸೊಸೈಟಿ ರೂಲ್ಸು ಅಂತ ಐದು ನಿಮಿಷದ ಹಿಂದೆ ಅವನೇ ಹೇಳಿದ್ದ. ಅವನ ಹತ್ತಿರ ಉತ್ತರ ಇರಲಿಲ್ಲ. ಕಾಫಿ ತರಿಸಿದ.

ಕಾಫಿ ಕುಡಿದು ಎದ್ದು ಬಂದೆವು. ಟೋಕನ್ ಅಡ್ವಾನ್ಸ್ ಕೊಟ್ಟಿಲ್ಲ. ಅದೇ ಬಿಲ್ಡರ್ ಎರಡು ವರ್ಷದ ಹಿಂದೆ ಮುಗಿಸಿದ ಇನ್ನೊಂದು ಅಪಾರ್ಟ್‌ಮೆಂಟ್ ಹತ್ತಿರದಲ್ಲೇ ಇದೆಯಂತೆ, ಜನ ವಾಸವಾಗಿದ್ದಾರಂತೆ. ಬರುವ ಭಾನುವಾರ ಮಧ್ಯಾಹ್ನ 3 ಗಂಟೆಗೆ, ಪಶ್ಚಿಮದ ಬಿಸಿಲು ಇರುವ ಹೊತ್ತಿಗೆ, ಅಲ್ಲಿಗೆ ಹೋಗ್ತಿದ್ದೇವೆ. ಈ ಸಲ ಟೇಪು ತಗೊಂಡು.