ಹದಮಳೆಯ ರಾತ್ರಿ ಹಳದಿಯಾಗುವ ಕಪ್ಪೆ

ನಿನ್ನೆವರೆಗೂ ಬಿರುಕುಬಿಟ್ಟು ಬಿದ್ದಿದ್ದ ಗುಂಡಿ. ಭರಣಿಯೋ ಕೃತ್ತಿಕೆಯೋ, ಯಾವ ಮಳೆಯಾದರೂ ಸರಿ, ರಾತ್ರಿ ಭರ್ಜರಿಯಾಗಿ ಹೊಯ್ಯಲಿ. ಬೆಳಗ್ಗೆ ಕೊರಟಗೆರೆ ಸೀಮೆಯ ತೋವಿನಕೆರೆ ಸುತ್ತಿನ ಹೊಲದಂಚಿಗೆ ಹೋಗಿ ನೋಡಿ: ಅರಿಶಿನ ಬಳಿದುಕೊಂಡಂಥ ಕಪ್ಪೆಗಳು! ಗಂಟಲಿನ ಎರಡೂ ಬದಿ ಕಡುನೀಲಿ ಚೀಲ ಉಬ್ಬಿಸಿ ಒಂದೇ ಸಮನೆ ಕೂಗುತ್ತಿವೆ. ಯಾವುದೋ ದೇಶದಿಂದ ಬಂದವಲ್ಲ ಸ್ವಾಮಿ, ಬೇಸಗೆಯೆಲ್ಲ ಮಣ್ಣೊಳಗೆ ಹುದುಗಿದ್ದ ನಮ್ಮ ಗೋಂಕರುಕಪ್ಪೆಗಳೇ. ಬಣ್ಣ ಬಂದಿರುವುದು ಗಂಡುಗಳಿಗೆ ಮಾತ್ರ.

ಗಂಡು ಹೆಣ್ಣಿನ ಬೆನ್ನೇರಿ ತಬ್ಬುತ್ತದೆ. ಹೆಣ್ಣು ಮೊಟ್ಟೆ ಬಿಟ್ಟ ಹಾಗೆಲ್ಲ ಗಂಡು ಅದರ ಮೇಲೆ ವೀರ್ಯ ಚೆಲ್ಲುತ್ತದೆ. ಫಲ ಕಟ್ಟುವುದು ಮೈಯೊಳಗಲ್ಲ, ಬಯಲು ನೀರಿನಲ್ಲಿ! ಇದನ್ನು ಸಾಬೀತು ಮಾಡಲು 18ನೇ ಶತಮಾನದಲ್ಲಿ ಇಟಲಿಯ ಸ್ಪಲ್ಲಂಜಾನಿ ಏನು ಮಾಡಿದ ಗೊತ್ತೇ? ಗಂಡುಕಪ್ಪೆಗಳಿಗೆ ಮೇಣ ಸವರಿದ ಟ್ಯಾಫೆಟಾ ಬಟ್ಟೆಯ ಚಡ್ಡಿ ತೊಡಿಸಿದ! ಮೊಟ್ಟೆಗಳು ಮರಿಯಾಗಲಿಲ್ಲ. ಚಡ್ಡಿಯಲ್ಲಿ ಉಳಿದ ಹನಿಗಳನ್ನು ಮೊಟ್ಟೆಗೆ ತಾಕಿಸಿದ, ಬೆಳೆದವು. ವಿಜ್ಞಾನದ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಪ್ರಯೋಗವಿಲ್ಲ.

ಕಡಲಿನ ಸೀ ಅರ್ಚಿನ್‌ದು ಇನ್ನೂ ಸೋಜಿಗ. ಮೈತುಂಬ ಮುಳ್ಳಿನ ಈ ಜೀವಿಗೆ ತಬ್ಬುವ ಗೋಜೇ ಇಲ್ಲ. ನೆತ್ತಿಯ ಐದು ರಂಧ್ರಗಳಿಂದ ಗಂಡು ಬಿಳಿಯ ವೀರ್ಯವನ್ನೂ ಹೆಣ್ಣು ಹಳದಿಯೋ ಕಿತ್ತಳೆಯೋ ಬಣ್ಣದ ಮೊಟ್ಟೆಗಳನ್ನೂ ನೀರಿಗೆ ಬಿಡುತ್ತವೆ, ಅಷ್ಟೆ. ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲೂ ಇದು ನಡೆಯುತ್ತದೆ. ಒಂದು ಶುರುಮಾಡಿದರೆ ನೀರಿಗಿಳಿದ ರಾಸಾಯನಿಕವೇ ಪಕ್ಕದವಕ್ಕೆ ಸುದ್ದಿ ಮುಟ್ಟಿಸಿ, ಅವೂ ಶುರುಮಾಡುವುದುಂಟು. ನೋಡನೋಡುತ್ತ ಗಾಜಿನ ತೊಟ್ಟಿಯೆಲ್ಲ ಮಬ್ಬು! ಕೊಳೆತು ನೀರು ಕೆಡುವ ಮುಂಚೆ ಬದಲಿಸುವ ಪಾಡು ಸಾಕಿದವರದು. ವೀರ್ಯಾಣು ಮತ್ತು ಅಂಡದ ಬೀಜಕೇಂದ್ರಗಳು ಒಂದಾಗುವುದನ್ನು 1876ರಲ್ಲಿ ಜರ್ಮನಿಯ ಆಸ್ಕರ್ ಹರ್ಟ್‌ವಿಗ್ ವಿವರಿಸಿದ್ದು ಇದೇ ಪ್ರಾಣಿಯ ಪಾರದರ್ಶಕ ಮೊಟ್ಟೆ ನೋಡಿ. ಒಂದು ವೀರ್ಯಾಣು ಒಳಹೊಕ್ಕಿತೋ, ನಿಮಿಷ ಕಳೆಯುವಷ್ಟರಲ್ಲಿ ಮೊಟ್ಟೆಯ ಸುತ್ತ ಪೊರೆ ಎದ್ದುನಿಲ್ಲುತ್ತದೆ. ಮಿಕ್ಕವಕ್ಕೆ ಪ್ರವೇಶವಿಲ್ಲ!

ಕಡಲು ಬತ್ತುವುದಿಲ್ಲ. ಕೊರಟಗೆರೆ ಸೀಮೆಯ ಗುಂಡಿ ಬತ್ತುತ್ತದೆ. ಮುಂದಿನ ಮಳೆ ಯಾವಾಗಲೋ. ಅದಕ್ಕೇ ಗೋಂಕರುಕಪ್ಪೆಗೆ ಈ ಅವಸರ: ಮೊದಲ ಮಳೆಗೇ ಹಾಡು, ಕೂಟ, ಮೊಟ್ಟೆ ಎಲ್ಲ ಮುಗಿಯಬೇಕು. ಗೊದಮೊಟ್ಟೆಗಳೂ ಪಾಚಿ ಕೆರೆಯುತ್ತ ಕೂರುವ ಜಾತಿಯವಲ್ಲ, ಮಾಂಸಾಹಾರಿಗಳು. ಅದೇ ಗುಂಡಿಯಲ್ಲಿ ತಡವಾಗಿ ಮೊಟ್ಟೆಯೊಡೆದು ಬಂದ ಬೇರೆ ಕಪ್ಪೆಗಳ ಮರಿಗಳನ್ನು ಹಿಡಿದು ತಿಂದೇ ಇವು ಬಲಿಯುತ್ತವೆ.