ಕಾರ್ಖಾನೆ ಮುಚ್ಚಿದ ಮೇಲೂ ಓಡುತ್ತಿರುವ ಕಾರು

ಇಂಗ್ಲೆಂಡಿನ ಆಕ್ಸ್‌ಫರ್ಡ್ ಸಮೀಪದ ಆಬಿಂಗ್‌ಡನ್ ಪಟ್ಟಣದಲ್ಲಿ ಎಂ.ಜಿ. ಕಾರು ಕಾರ್ಖಾನೆ ನೆಲೆಯೂರಿ ಐವತ್ತು ವರ್ಷ ತುಂಬಿದ ಸಂಭ್ರಮವನ್ನು 1979ರ ಸೆಪ್ಟೆಂಬರ್‌ನಲ್ಲಿ ಊರಿನವರು ವಿಜೃಂಭಣೆಯಿಂದ ಆಚರಿಸಿದರು. ಉತ್ಸವದ ಸದ್ದು ಅಡಗುವ ಮೊದಲೇ, ಅದೇ ತಿಂಗಳ 10ರ ಸೋಮವಾರ, ಮಾಲೀಕ ಸಂಸ್ಥೆಯಾದ ಬ್ರಿಟಿಷ್ ಲೇಲ್ಯಾಂಡ್ ಅಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವ ತೀರ್ಮಾನವನ್ನು ಹೊರಗೆಡಹಿತು. ಕಾರಣ ಶುದ್ಧ ಲೆಕ್ಕಾಚಾರದ್ದು. ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರಿನ ಮುಖ್ಯ ಮಾರುಕಟ್ಟೆ ಅಮೆರಿಕ. ಡಾಲರಿನ ಎದುರು ಪೌಂಡಿನ ಬೆಲೆ ಏರಿದ್ದರಿಂದ ಅಲ್ಲಿ ಮಾರಿದ ಪ್ರತಿ ಕಾರಿಗೂ ಸುಮಾರು 900 ಪೌಂಡು ನಷ್ಟವಾಗುತ್ತಿದೆ ಎಂದು ಕಂಪನಿ ಹೇಳಿತು. 1980ರ ಅಕ್ಟೋಬರ್‌ನಲ್ಲಿ ಕೊನೆಯ ಕಾರು ಹೊರಬಂದು ಬಾಗಿಲು ಮುಚ್ಚಿತು.

ರಫ್ತು ವ್ಯಾಪಾರದಲ್ಲಿರುವ ನಮ್ಮ ಸದಸ್ಯರಿಗೆ ಈ ಬಗೆಯ ನಷ್ಟ ಹೊಸದಲ್ಲ. ವಿನಿಮಯ ದರದ ಏರಿಳಿತ ಒಂದೇ ವರ್ಷದಲ್ಲಿ ಲಾಭವನ್ನು ನುಂಗಿಹಾಕಿದ ಆಯವ್ಯಯ ಪಟ್ಟಿಗಳನ್ನು ನಾನೂ ಸಾಕಷ್ಟು ನೋಡಿದ್ದೇನೆ. ಆ 900 ಪೌಂಡಿನಲ್ಲಿ ನೇರ ವೆಚ್ಚ ಎಷ್ಟು, ಬೃಹತ್ ಸಂಸ್ಥೆಯೊಂದು ತನ್ನ ಸಣ್ಣ ಘಟಕದ ತಲೆಗೆ ಹೊರಿಸಿದ ಮೇಲ್ವೆಚ್ಚ ಎಷ್ಟು ಎಂದು ಕೇಳುವ ಆಸೆ ಯಾವ ಲೆಕ್ಕಪರಿಶೋಧಕನಿಗಾದರೂ ಆಗುವಂಥದೇ. ಆದರೆ ಈ ಲೇಖನದ ವಿಷಯ ಅದಲ್ಲ. ತಯಾರಕರೇ ಕೈಬಿಟ್ಟ ಈ ಕಾರು ಇಂದಿಗೂ ಓಡುತ್ತಿದೆ. ಅದರ ಬಿಡಿಭಾಗಗಳನ್ನು ತಯಾರಿಸಿ ಮಾರುವವರು ಇಂದಿಗೂ ವ್ಯಾಪಾರ ಮಾಡುತ್ತಿದ್ದಾರೆ. ಅದು ಹೇಗೆ ಸಾಧ್ಯವಾಯಿತು ಎಂಬುದೇ ಇಲ್ಲಿಯ ವಿಚಾರ.

ಎಂ.ಜಿ.ಬಿ. 1962ರಲ್ಲಿ ಬಂದ ಎರಡು ಆಸನಗಳ ಕಾರು. 1798 ಸಿ.ಸಿ. ಎಂಜಿನ್, ಸುಮಾರು 95 ಅಶ್ವಶಕ್ತಿ, ಗಂಟೆಗೆ 160 ಕಿಲೋಮೀಟರ್ ಮೀರುವ ವೇಗ. ಅಂದಿನ ದಿನಕ್ಕೆ ಇದು ಸಾಮಾನ್ಯ ಸಂಬಳದಾರನ ಕೈಗೆಟುಕುವ ವೇಗದ ಕಾರು. ಫ್ರಾನ್ಸಿನ ಲೆಮಾನ್ಸ್‌ನಲ್ಲಿ ನಡೆಯುವ 24 ಗಂಟೆಗಳ ಪಂದ್ಯದಲ್ಲಿ 1963, 1964 ಮತ್ತು 1965ರಲ್ಲಿ ಭಾಗವಹಿಸಿ ಮೂರು ಸಲವೂ ಪಂದ್ಯವನ್ನು ಪೂರೈಸಿತು. ಹದಿನೆಂಟು ವರ್ಷಗಳಲ್ಲಿ 5 ಲಕ್ಷಕ್ಕೂ ಅಧಿಕ ಕಾರುಗಳು ತಯಾರಾದವು. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು; ಮುಂದಿನ ವ್ಯಾಪಾರವೆಲ್ಲ ನಿಂತಿರುವುದು ಇದರ ಮೇಲೆ.

ಮನೆಯ ಗ್ಯಾರೇಜಿನಲ್ಲಿ

ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ತಗಡನ್ನು ಒತ್ತಿ, ಬೆಸೆದು ಮಾಡಿದ ಮೈಯೇ ಅದರ ಬೆನ್ನೆಲುಬು. ಮೇಲ್ಛಾವಣಿ ಇಲ್ಲದ ಮಾದರಿಯಲ್ಲಂತೂ ಬಾಗಿಲುಗಳ ಕೆಳಗೆ ಮುಂದಿನಿಂದ ಹಿಂದಕ್ಕೆ ಹಾಯುವ ಪೆಟ್ಟಿಗೆಯಾಕಾರದ ತಗಡಿನ ತೊಲೆಗಳೇ ಎಲ್ಲ ಭಾರವನ್ನೂ ಹೊರಬೇಕು. ಇವಕ್ಕೆ ಸಿಲ್ ಎಂದು ಹೆಸರು. ಮಳೆ, ಹಿಮ ಹಾಗೂ ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು ಸೇರಿಕೊಳ್ಳುವುದು ಸರಿಯಾಗಿ ಅಲ್ಲಿಗೇ. ಹೊರಗಿನಿಂದ ಬಣ್ಣ ಫಳಫಳಿಸುತ್ತಿದ್ದರೂ ಒಳಗೆ ತುಕ್ಕು ತಿಂದಿರುತ್ತದೆ. ಪುಟ್ಟಿ ಮೆತ್ತಿ ಬಣ್ಣ ಬಳಿದು ಮಾರುವ ವಿದ್ಯೆ ನಮ್ಮವರಿಗಷ್ಟೇ ಗೊತ್ತೆಂದು ಭಾವಿಸಬೇಕಾಗಿಲ್ಲ.

ಪುನರುಜ್ಜೀವನದ ಕೆಲಸ ಹೀಗೆ ಸಾಗುತ್ತದೆ. ಕಾರಿನ ಉದ್ದ 4 ಮೀಟರಿಗಿಂತ ಕೊಂಚ ಕಡಿಮೆ. ಹಾಗಾಗಿ ಒಂದೇ ಕಾರು ಹಿಡಿಸುವ ಮನೆಯ ಗ್ಯಾರೇಜಿನಲ್ಲೂ ಸುತ್ತ ಓಡಾಡಲು ಅಷ್ಟಿಷ್ಟು ಜಾಗ ಉಳಿಯುತ್ತದೆ. ಜಾಕಿ ಕೊಟ್ಟು ಕಾರನ್ನು ಸ್ಟ್ಯಾಂಡುಗಳ ಮೇಲೆ ಸಮತಟ್ಟಾಗಿ ನಿಲ್ಲಿಸಿ, ಪ್ರತಿಯೊಂದು ಭಾಗವನ್ನೂ ಬಿಚ್ಚಿ, ಛಾಯಾಚಿತ್ರ ತೆಗೆದು, ಚೀಟಿ ಅಂಟಿಸಿದ ಚೀಲಗಳಲ್ಲಿ ಇಡಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದೊಂದು ದಾಸ್ತಾನು ಪುಸ್ತಕ. ಮೂರು ವರ್ಷ ಕಳೆದ ಮೇಲೆ ಒಂದು ಬೋಲ್ಟು ಯಾವ ತೂತಿನದೆಂದು ಹೇಳಬಲ್ಲದ್ದು ಆ ಚೀಟಿ ಮಾತ್ರ. ಆನಂತರ ಸಿಲ್‌ಗಳ ಸರದಿ. ಇಲ್ಲಿ ಅವಸರ ಮಾಡಿದವನು ಕೆಟ್ಟ. ಎರಡೂ ಬದಿಯ ಸಿಲ್‌ಗಳನ್ನು ಒಮ್ಮೆಲೇ ಕತ್ತರಿಸಿದರೆ ಹಿಡಿದಿಡುವ ಆಧಾರವಿಲ್ಲದೆ ಕಾರಿನ ನಡು ಜಗ್ಗುತ್ತದೆ. ಮುಂದೆ ಬಾಗಿಲು ಎಂದಿಗೂ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಯನ್ನು ತಾತ್ಕಾಲಿಕವಾಗಿ ಬೆಸೆದು, ಒಂದು ಬದಿಯನ್ನು ಪೂರ್ತಿ ಮುಗಿಸಿದ ಬಳಿಕವೇ ಇನ್ನೊಂದು ಬದಿಗೆ ಕೈ ಹಾಕುತ್ತಾರೆ. ಹೊರ ಸಿಲ್‌ನ ಮುಂತುದಿ ಮಡ್‌ಗಾರ್ಡಿನ ಹಿಂದೆ ಅಡಗಿರುವುದರಿಂದ ಅದನ್ನೂ ಬಿಚ್ಚಬೇಕು. ಬಾಗಿಲನ್ನು ಮತ್ತೆ ಮತ್ತೆ ತೂಗಿಹಾಕಿ, ಸಂದು ಮೇಲಿನಿಂದ ಕೆಳಗಿನವರೆಗೆ ಸಮನಾಗಿದೆಯೇ ಎಂದು ನೋಡಿಯೇ ಮುಂದುವರಿಯಬೇಕು. ಇಷ್ಟೆಲ್ಲ ಮಾಡುವವರು ಬಹುಪಾಲು ಶನಿವಾರ, ಭಾನುವಾರ ಮತ್ತು ಸಂಜೆಯ ಬಿಡುವಿನಲ್ಲಿ ದುಡಿಯುವ ಹವ್ಯಾಸಿಗಳು.

ಎಂಜಿನ್ನಿನ ಕೆಲಸ ಇದಕ್ಕಿಂತ ಸರಳ. ಎರಕದ ಕಬ್ಬಿಣದ ಗಟ್ಟಿ ಬ್ಲಾಕು, ಎರಡು ಎಸ್.ಯು. ಕಾರ್ಬ್ಯುರೇಟರ್‌ಗಳು, ಬರಿಗಣ್ಣಿಗೆ ಅರ್ಥವಾಗುವ ಜೋಡಣೆ. ನಮ್ಮ ಊರುಗಳ ಹಳೆಯ ಮೆಕ್ಯಾನಿಕ್ ಮೇಸ್ತ್ರಿಯೊಬ್ಬರನ್ನು ಅಲ್ಲಿ ಬಿಟ್ಟರೆ ಅವರಿಗೆ ಯಾವ ಅಳುಕೂ ಆಗದು. ಅದಕ್ಕೆ ಕಾರಣವೂ ಇದೆ, ಮುಂದೆ ಹೇಳುತ್ತೇನೆ.

ಲೆಕ್ಕದ ವಿಷಯ. ತಗಡು, ಬಣ್ಣ, ರಬ್ಬರು, ಕ್ರೋಮು, ಯಂತ್ರದ ಬಿಡಿಭಾಗ ಎಂದು ಖರ್ಚು ಬರೆಯುತ್ತ ಹೋದರೆ ಅನೇಕ ಸಲ ಮುಗಿದ ಕಾರಿನ ಮಾರುಕಟ್ಟೆ ಬೆಲೆಯನ್ನು ಖರ್ಚು ದಾಟಿಬಿಡುತ್ತದೆ. ಸ್ವಂತ ದುಡಿಮೆಗೆ ಕೂಲಿ ಹಿಡಿದರೆ ಆ ಖಾತೆಯನ್ನು ನೋಡುವುದೇ ಬೇಡ. ಬ್ರಿಟನ್ನಿನ ತೆರಿಗೆ ಕಾನೂನಿನಲ್ಲಿ ಖಾಸಗಿ ಕಾರಿನ ಮಾರಾಟ ಬಂಡವಾಳ ಲಾಭ ತೆರಿಗೆಯಿಂದ ಹೊರಗಿದೆ. ಲಾಭಕ್ಕೆ ತೆರಿಗೆ ಇಲ್ಲ, ಆದರೆ ಲಾಭವೂ ಇಲ್ಲ! ಹಾಗಾದರೆ ಈ ವ್ಯವಹಾರದಲ್ಲಿ ಹಣ ಮಾಡಿದವರು ಯಾರು? ಗ್ಯಾರೇಜಿನಲ್ಲಿ ಕೂತವನಿಗೆ ಸಿಲ್, ಬುಶ್, ಬೀಡಿಂಗ್ ಮಾರಿದವರು. ಈ ವಿಷಯ ನಮ್ಮ ಪತ್ರಿಕೆಗೆ ಸಲ್ಲುವುದು ಈ ಕಾರಣಕ್ಕೆ.

ಗುಜರಿಗೆ ಹೋಗದೆ ಉಳಿದ ಡೈಗಳು

ಕಾರ್ಖಾನೆ ಮುಚ್ಚಿದ ನಂತರದ ವರ್ಷಗಳಲ್ಲಿ ಹಳೆಯ ಕಾರುಗಳು ಹತ್ತು ಹದಿನೈದು ಕಡೆ ತೇಪೆ ಹಾಕಿಸಿಕೊಂಡು, ಇನ್ನು ಬೆಸೆಯಲು ಗಟ್ಟಿ ತಗಡೇ ಇಲ್ಲವೆಂಬ ಸ್ಥಿತಿಗೆ ಬಂದಿದ್ದವು. ಆಗ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಒಂದು ವಿಚಿತ್ರವೆನಿಸುವ ಸಾಹಸಕ್ಕೆ ಇಳಿಯಿತು. ಇದು ಬ್ರಿಟಿಷ್ ಲೇಲ್ಯಾಂಡ್ ತನ್ನ ಹಳೆಯ ಹೆಸರುಗಳ ಪರಂಪರೆಯನ್ನು ಕಾಯಲೆಂದು 1975ರಲ್ಲಿ ಹುಟ್ಟುಹಾಕಿದ್ದ ಅಂಗಸಂಸ್ಥೆ. ಅಲ್ಲಲ್ಲಿ ಉಳಿದುಕೊಂಡಿದ್ದ ಮೂಲ ಪ್ರೆಸ್ ಡೈಗಳನ್ನು ಹುಡುಕಿ ತಂದು, ದುರಸ್ತಿ ಮಾಡಿ, ಆಕ್ಸ್‌ಫರ್ಡ್ ಪ್ರಾಂತ್ಯದ ಫ್ಯಾರಿಂಗ್‌ಡನ್ ಎಂಬಲ್ಲಿ ಎಂ.ಜಿ.ಬಿ.ಯ ಇಡೀ ಮೈಯನ್ನು ಮತ್ತೆ ತಯಾರಿಸತೊಡಗಿತು. 1988ರಲ್ಲಿ ಹೊಚ್ಚಹೊಸ ಮೈ ಮಾರುಕಟ್ಟೆಗೆ ಬಂತು. ಕಾರು ತಯಾರಿಕೆ ನಿಂತು ಎಂಟು ವರ್ಷವಾಗಿತ್ತು ಎಂಬುದನ್ನು ಗಮನಿಸಬೇಕು. ತುಕ್ಕು ಹಿಡಿದ ಕಾರಿನಿಂದ ಎಂಜಿನ್, ಅಚ್ಚು, ಚಕ್ರ, ಆಸನಗಳನ್ನು ಬಿಚ್ಚಿ ಹೊಸ ಮೈಗೆ ಕೂರಿಸಿದರೆ ಕಾರು ಮತ್ತೆ ರಸ್ತೆಗೆ ಸಿದ್ಧ. ಮನೆಯ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಬೇಡುತ್ತಿದ್ದ ಬೆಸುಗೆ ಕೆಲಸ ಬಹುಮಟ್ಟಿಗೆ ತಪ್ಪಿತು.

ಅದರ ಮುಂದಿನ ಹೆಜ್ಜೆ ಇನ್ನೂ ಕುತೂಹಲಕರ. ಹಳೆಯ ಕಾರಿನ ಮೈಗೆ ಇಷ್ಟು ಗಿರಾಕಿಗಳಿರುವುದನ್ನು ಕಂಡ ರೋವರ್ ಕಂಪನಿ ಅದೇ ಮೈಯನ್ನು ಆಧರಿಸಿ, 3.9 ಲೀಟರ್‌ನ ಎಂಟು ಸಿಲಿಂಡರ್ ಎಂಜಿನ್ ಇಟ್ಟು, ಆರ್.ವಿ.8 ಎಂಬ ಕಾರನ್ನು 1992ರಲ್ಲಿ ಪ್ರದರ್ಶಿಸಿತು. ಸುಮಾರು 2 ಸಾವಿರ ಕಾರುಗಳು ತಯಾರಾದವು. ಅವುಗಳಲ್ಲಿ ಹೆಚ್ಚಿನವು ಹೋದದ್ದು ಜಪಾನಿಗೆ. 1979ರ ಲೆಕ್ಕದಲ್ಲಿ ನಷ್ಟದ ಬಾಬತ್ತೆಂದು ಹೊಡೆದುಹಾಕಿದ ತಗಡಿನ ಆಕಾರವೇ ಹದಿಮೂರು ವರ್ಷಗಳ ಬಳಿಕ ರಫ್ತಿನ ಸರಕಾಯಿತು.

ಲೆಕ್ಕ ಪರಿಶೋಧನೆಗೆಂದು ನಮ್ಮ ಕೈಗಾರಿಕಾ ಪ್ರದೇಶಗಳಿಗೆ ಹೋದಾಗ ಶೆಡ್ಡಿನ ಹಿಂಬದಿಯಲ್ಲಿ ಟಾರ್ಪಾಲಿನ ಕೆಳಗೆ ಸಾಲಾಗಿ ಕೂತ ಹಳೆಯ ಡೈಗಳನ್ನು ನೋಡುತ್ತೇನೆ. ಪುಸ್ತಕದಲ್ಲಿ ಅವುಗಳ ಬೆಲೆ ಸವಕಳಿ ಕಳೆದು ಹೆಸರಿಗಷ್ಟೇ ಉಳಿದಿರುತ್ತದೆ. ಜಾಗ ಬೇಕಾದಾಗ ಮಾಲೀಕರು ಗುಜರಿಯವನನ್ನು ಕರೆಯುತ್ತಾರೆ. ಕಿಲೋ ಲೆಕ್ಕದಲ್ಲಿ ಬಂದ ಹಣ ಇತರೆ ಆದಾಯದ ಖಾತೆಗೆ ಹೋಗುತ್ತದೆ. ಎಲ್ಲ ಡೈಗಳನ್ನೂ ಕಾಪಾಡಬೇಕೆಂದು ನಾನು ಹೇಳುವುದಿಲ್ಲ. ಜಾಗದ ಬಾಡಿಗೆಯೂ ವೆಚ್ಚವೇ. ಆದರೆ ಆ ಡೈನಿಂದ ಬಂದ ಭಾಗ ಇನ್ನೂ ಎಷ್ಟು ಯಂತ್ರಗಳಲ್ಲಿ, ಎಷ್ಟು ವಾಹನಗಳಲ್ಲಿ ಓಡುತ್ತಿದೆ, ಅದನ್ನು ಇನ್ನೊಬ್ಬರು ಮಾಡುತ್ತಿದ್ದಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿದ ಮಾಲೀಕರು ನನಗೆ ಸಿಕ್ಕಿರುವುದು ಬಹಳ ಕಡಿಮೆ. ಎಂ.ಜಿ.ಬಿ.ಯ ವಿಷಯದಲ್ಲಿ ಮೊದಲ ಪ್ರಶ್ನೆಗೆ ಉತ್ತರ ದೊಡ್ಡ ಸಂಖ್ಯೆ, ಎರಡನೆಯದಕ್ಕೆ ಇಲ್ಲ ಎಂಬುದು. ವ್ಯಾಪಾರ ಹುಟ್ಟಿದ್ದು ಅಲ್ಲಿ.

ಈ ವ್ಯಾಪಾರ ಒಂದು ಸಂಸ್ಥೆಯಲ್ಲೇ ನಿಲ್ಲಲಿಲ್ಲ. ಎಸ್.ಯು. ಕಾರ್ಬ್ಯುರೇಟರ್‌ಗಳನ್ನೂ ಅವುಗಳ ಬಿಡಿಭಾಗಗಳನ್ನೂ ಸಾಲಿಸ್‌ಬರಿಯ ಬರ್ಲೆನ್ ಸಂಸ್ಥೆ ತಯಾರಿಸುತ್ತ ಬಂದಿದೆ. ಅಮೆರಿಕದಲ್ಲಿ 1948ರಲ್ಲಿ ಆರಂಭವಾದ ಮಾಸ್ ಮೋಟಾರ್ಸ್ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಬಿಡಿಭಾಗಗಳನ್ನು ಪಟ್ಟಿ ಮುದ್ರಿಸಿ ಅಂಚೆಯಲ್ಲಿ ಮಾರಿಯೇ ಬೆಳೆದ ಸಂಸ್ಥೆ. ಬಳಕೆದಾರರ ಸಂಘಗಳೂ ಬಿಡಿಭಾಗದ ವ್ಯಾಪಾರಕ್ಕೆ ಇಳಿದವು. ಮಳೆ ಕಡಿಮೆಯಾದ ಕ್ಯಾಲಿಫೋರ್ನಿಯಾದಲ್ಲಿ ತುಕ್ಕಿಲ್ಲದೆ ಉಳಿದ ಕಾರುಗಳನ್ನು ಮರಳಿ ಇಂಗ್ಲೆಂಡಿಗೆ ತರುವುದೂ ಒಂದು ಉದ್ಯೋಗವಾಯಿತು.

ಕಾನೂನು ಬದಲಾದಾಗಲೂ ಹೊಸ ಬೇಡಿಕೆ ಹುಟ್ಟಿತು. ಬ್ರಿಟನ್ನಿನಲ್ಲಿ ಸೀಸದ ಪೆಟ್ರೋಲಿನ ಸಾಮಾನ್ಯ ಮಾರಾಟ 1999ರ ಕೊನೆಗೆ ನಿಂತಾಗ ಗಟ್ಟಿ ಲೋಹದ ವಾಲ್ವ್ ಸೀಟುಗಳು ಬೇಕಾದವು. 2021ರ ಸೆಪ್ಟೆಂಬರ್‌ನಲ್ಲಿ ಶೇಕಡ 10ರವರೆಗೆ ಎಥೆನಾಲ್ ಬೆರೆತ ಪೆಟ್ರೋಲು ಅಲ್ಲಿ ರೂಢಿಗೆ ಬಂದಾಗ, ಎಥೆನಾಲಿಗೆ ಕರಗದ ರಬ್ಬರು ನಳಿಗೆಗಳಿಗೆ ಗಿರಾಕಿ ಹೆಚ್ಚಿತು. ಶೇಕಡ 20 ಎಥೆನಾಲಿನ ಪೆಟ್ರೋಲು ಬಂದಿರುವ ನಮ್ಮ ದೇಶದಲ್ಲಿ ರಬ್ಬರು ಉದ್ದಿಮೆಯ ಸದಸ್ಯರು ಇದನ್ನು ಓದಿ ಸುಮ್ಮನಿರಲಾರರು.

ಈ ಕಥೆಗೆ ಕೆಟ್ಟ ಮುಖವೂ ಇದೆ. ಬೇಡಿಕೆ ಇದೆಯೆಂದು ತಿಳಿದ ಕೂಡಲೇ ಅಗ್ಗದ ನಕಲುಗಳು ಬಂದವು. ಡಿಸ್ಟ್ರಿಬ್ಯೂಟರಿನ ಒಳಗಿನ ರೋಟರ್ ಆರ್ಮ್ ಅಂಗೈಯಲ್ಲಿ ಅಡಗುವ ಪುಟ್ಟ ವಸ್ತು. ಅದರ ಪ್ಲಾಸ್ಟಿಕ್ ಕಳಪೆಯಾದರೆ ಎಂಜಿನ್ ಬಿಸಿಯಾದ ಮೇಲೆ ವಿದ್ಯುತ್ತು ಸೋರಿ, ಕಾರು ಹೆದ್ದಾರಿಯ ನಡುವೆ ನಿಲ್ಲುತ್ತದೆ. ಇಂಥ ಭಾಗಗಳಿಂದ ಬೇಸತ್ತ ಗಿರಾಕಿ ಹೆಚ್ಚು ಬೆಲೆ ತೆತ್ತಾದರೂ ನಂಬಿಕೆಯ ತಯಾರಕನ ಹೆಸರು ಕೇಳಿ ಕೊಳ್ಳುತ್ತಾನೆ. ಆರು ತಿಂಗಳು ಕಾದು ಬೆಸೆದ ಮಡ್‌ಗಾರ್ಡು ಕಾಲಂಗುಲ ಕೂರದಿದ್ದರೆ ಅವನಿಗಾಗುವ ಸಂಕಟಕ್ಕೆ ಹೋಲಿಸಿದರೆ ಬೆಲೆಯ ವ್ಯತ್ಯಾಸ ಅವನಿಗೆ ಏನೂ ಅಲ್ಲ. ಹವ್ಯಾಸಿ ಗಿರಾಕಿಯ ಬಗ್ಗೆ ನಮ್ಮ ವ್ಯಾಪಾರಿಗಳು ತಿಳಿಯಬೇಕಾದ ಸಂಗತಿಯೆಂದರೆ ಇವನು ಚೌಕಾಸಿ ಕಡಿಮೆ ಮಾಡುತ್ತಾನೆ, ಅಳತೆ ಹೆಚ್ಚು ಹಿಡಿಯುತ್ತಾನೆ.

ಹಳೆಯದೋ ಹೊಸದೋ?

ಮೈಯೇ ಹೊಸದಾದ ಮೇಲೆ ಅದು 1965ರ ಕಾರೋ, ಇಂದಿನ ಕಾರೋ? ಚಾಲ್ತಿ ದುರಸ್ತಿಯ ವೆಚ್ಚ ಯಾವುದು, ಹೊಸ ಆಸ್ತಿ ಯಾವುದು ಎಂದು ತೆರಿಗೆ ಅಧಿಕಾರಿಗಳೊಂದಿಗೆ ವಾದಿಸಿ ಕೂದಲು ನರೆಸಿಕೊಂಡ ನಮ್ಮ ವೃತ್ತಿಯವರಿಗೆ ಈ ಪ್ರಶ್ನೆ ಪರಿಚಿತ. ಬ್ರಿಟನ್ನಿನ ನೋಂದಣಿ ಇಲಾಖೆ ಬಹುಕಾಲ ಇದಕ್ಕೊಂದು ಅಂಕಪಟ್ಟಿಯನ್ನೇ ಇಟ್ಟುಕೊಂಡಿತ್ತು. ಮೂಲ ಅಥವಾ ಅದೇ ನಮೂನೆಯ ಹೊಸ ಮೈಗೆ 5 ಅಂಕ. ಸಸ್ಪೆನ್ಷನ್, ಅಚ್ಚುಗಳು, ಗೇರುಪೆಟ್ಟಿಗೆ, ಸ್ಟಿಯರಿಂಗ್ ಇವಕ್ಕೆ ತಲಾ 2. ಎಂಜಿನ್ನಿಗೆ ಕೇವಲ 1. ಒಟ್ಟು 8 ಬಂದರೆ ಹಳೆಯ ನೋಂದಣಿ ಸಂಖ್ಯೆ ಉಳಿಯುತ್ತದೆ. ಹೊಸ ಮೈಗೆ ಅಂಕ ಬೇಕಾದರೆ ತಯಾರಕರ ರಸೀದಿ ತೋರಿಸಬೇಕು. 2025ರ ಆಗಸ್ಟ್‌ನಿಂದ, ಕಾರಿನ ಮೂಲ ಸ್ವರೂಪ ಕೆಡದಂತೆ ಮಾಡಿದ ಪುನರುಜ್ಜೀವನಕ್ಕೆ ಈ ನಿಯಮಗಳನ್ನು ಇನ್ನಷ್ಟು ಸಡಿಲಿಸಲಾಗಿದೆ.

ನಮ್ಮಲ್ಲಿ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20 ಸಾವಿರ ರೂಪಾಯಿ. ಆದರೆ ವಾಹನ ಮೂಲ ರೂಪದಲ್ಲಿರಬೇಕು. ಚಾಸಿ, ಮೈ ಅಥವಾ ಎಂಜಿನ್ನಿನ ಮಾರ್ಪಾಡು ಸೇರಿದಂಥ ದೊಡ್ಡ ಬದಲಾವಣೆ ಆಗಿರಕೂಡದು. ದಿನನಿತ್ಯದ ಸಂಚಾರಕ್ಕೂ ವಾಣಿಜ್ಯ ಬಳಕೆಗೂ ಅವಕಾಶವಿಲ್ಲ. ಮೂಲದಂತೆಯೇ ಮಾಡಿದ ಹೊಸ ಮೈಯನ್ನು ಹಾಕಿದರೆ ಅದು ಮಾರ್ಪಾಡೋ ಅಲ್ಲವೋ ಎಂಬ ಪ್ರಶ್ನೆ ಇಂದಲ್ಲ ನಾಳೆ ಏಳುವಂಥದೇ.

ಎಂ.ಜಿ.ಬಿ.ಯ ಎಂಜಿನ್ ನಮ್ಮ ಮೇಸ್ತ್ರಿಗಳಿಗೆ ಅಪರಿಚಿತವಲ್ಲ ಎಂದೆನಷ್ಟೆ. ಅದು ಬಿ.ಎಂ.ಸಿ. ಸಂಸ್ಥೆಯ ಬಿ ಶ್ರೇಣಿಯ ಎಂಜಿನ್. ಅದೇ ಶ್ರೇಣಿಯ 1489 ಸಿ.ಸಿ. ಎಂಜಿನ್ನೇ ದಶಕಗಳ ಕಾಲ ನಮ್ಮ ಅಂಬಾಸಿಡರ್ ಕಾರನ್ನು ಎಳೆದದ್ದು. ಕಾರಿನ ಆಕಾರವೂ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನದು. ಪಶ್ಚಿಮ ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ ಅದರ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಈ ಎಂಜಿನ್ನಿಗೆ ಪಿಸ್ಟನ್, ವಾಲ್ವ್, ಗ್ಯಾಸ್ಕೆಟ್ ಮಾಡಿದ ಅನುಭವ ನಮ್ಮ ದೇಶದ ಸಣ್ಣ ತಯಾರಕರಲ್ಲಿದೆ. ಕಾರನ್ನು ಮನೆಯ ಮುಂದೆ ಬಟ್ಟೆ ಹೊದಿಸಿ ನಿಲ್ಲಿಸಿಕೊಂಡ ಅಭಿಮಾನಿಗಳೂ ಇದ್ದಾರೆ. 2017ರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅಂಬಾಸಿಡರ್ ಎಂಬ ಹೆಸರಿನ ಹಕ್ಕನ್ನು ಫ್ರಾನ್ಸಿನ ಪ್ಯೂಜೋ ಸಂಸ್ಥೆಗೆ 80 ಕೋಟಿ ರೂಪಾಯಿಗೆ ಮಾರಿತು. ಅಂದು ಬೆಲೆ ಕಟ್ಟಿದ್ದು ಹೆಸರಿಗೆ. ಬಾಗಿಲಿಗೂ ಬಾನೆಟ್ಟಿಗೂ ತಗಡು ಒತ್ತುತ್ತಿದ್ದ ಡೈಗಳ ಬಗ್ಗೆ ಆ ಸುದ್ದಿಯಲ್ಲಿ ಯಾರೂ ವಿಚಾರಿಸಿದ್ದನ್ನು ನಾನು ಓದಲಿಲ್ಲ.